ಬೇಳೆ ಬೇಗ ಬೇಯುತ್ತಿದ್ದ ನೀರು

ನನ್ನ ಅಣ್ಣನ ಹಲ್ಲು ಬಿಳಿ, ನನ್ನವು ಕಂದು. ಒಂದೇ ತಾಯಿಯ ಮಕ್ಕಳು, ಒಂದೇ ಒಲೆಯ ಅಡುಗೆ ಉಂಡವರು, ಒಂದೇ ಬೇವಿನ ಮರದ ಕಡ್ಡಿ ಮುರಿದು ಹಲ್ಲುಜ್ಜಿದವರು. ನಮ್ಮಿಬ್ಬರ ನಡುವೆ ಒಂಬತ್ತು ವರ್ಷದ ಅಂತರ. ಆ ಅವಧಿಯಲ್ಲಿ ನಮ್ಮ ಮನೆಯಲ್ಲಿ ಬದಲಾದದ್ದು ಕುಡಿಯುವ ನೀರೊಂದೇ. ಅಣ್ಣ ಸೇದುವ ಬಾವಿಯ ನೀರು ಕುಡಿದು ಬೆಳೆದ, ನಾನು ಬೋರಿಂಗ್ ನೀರು ಕುಡಿದು ಬೆಳೆದೆ.

ನಮ್ಮದು ಪಾವಗಡ ತಾಲ್ಲೂಕು. ಹೆಸರಿಗೆ ತುಮಕೂರು ಜಿಲ್ಲೆ, ನಕ್ಷೆ ನೋಡಿದರೆ ಮೂರು ಕಡೆ ಆಂಧ್ರ. ಮಧುಗಿರಿ ಮೇಲೆ ತುಮಕೂರಿಗೆ ಹೋಗುವ ಬಸ್ಸು ನಡುವೆ ಆಂಧ್ರದ ನೆಲ ದಾಟಿಕೊಂಡೇ ಹೋಗಬೇಕು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಹೊಲದಲ್ಲಿ ಕಡಲೆಕಾಯಿ. ಮಳೆ ಬಂದರೆ ಬೆಳೆ, ಬಾರದಿದ್ದರೆ ಬೆಂಗಳೂರಿಗೆ ಗುಳೆ. ನಾನು ಹುಟ್ಟಿದ್ದು 1977ರಲ್ಲಿ. ಅದರ ಹಿಂದಿನ ಬರಗಳಲ್ಲಿ ಊರ ಬಾವಿ ತಳ ಕಂಡಿತ್ತಂತೆ. ಸರ್ಕಾರದವರು ಬಂದು ಬಂಡೆ ಕೊರೆದು ಕೈಪಂಪು ನಿಲ್ಲಿಸಿದರು. ಅವತ್ತು ಊರಿನವರು ಪಂಪಿಗೆ ಅರಿಶಿನ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದು ಪೂಜೆ ಮಾಡಿದ್ದರೆಂದು ಅಮ್ಮ ಹೇಳುತ್ತಿದ್ದಳು.

ಪೂಜೆ ಮಾಡುವಂಥ ನೀರೇ ಅದು. ತಿಳಿಯಾಗಿತ್ತು, ತಂಪಾಗಿತ್ತು, ವಾಸನೆಯಿರಲಿಲ್ಲ. ಊರಾಚೆ ಇನ್ನೊಂದು ಬಾವಿಯಿತ್ತು. ಅದರ ನೀರು ಗಡಸು. ಸೋಪು ನೊರೆಯೇಳದು, ತಲೆಗೆ ಹಾಕಿಕೊಂಡರೆ ಕೂದಲು ಜಡೆಗಟ್ಟುವುದು, ಬೇಳೆ ಎಷ್ಟು ಹೊತ್ತು ಕುದಿಸಿದರೂ ಕಾಳು ಕಾಳಾಗಿಯೇ ಉಳಿಯುವುದು. ಬೋರಿಂಗ್ ನೀರಿಗೆ ಹಾಕಿದ ತೊಗರಿಬೇಳೆ ಮಾತ್ರ ನೋಡನೋಡುತ್ತಿದ್ದಂತೆ ಕರಗುತ್ತಿತ್ತು. ನೀರು ಒಳ್ಳೆಯದೋ ಕೆಟ್ಟದ್ದೋ ಎಂದು ನಮ್ಮ ಕಡೆ ಹೆಂಗಸರು ತೀರ್ಮಾನಿಸುತ್ತಿದ್ದದ್ದೇ ಹೀಗೆ, ನಾಲಗೆಯಿಂದ ಮತ್ತು ಬೇಳೆಯಿಂದ. ಆ ಲೆಕ್ಕದಲ್ಲಿ ನಮ್ಮ ಬೋರಿಂಗ್ ತಾಲ್ಲೂಕಿಗೇ ಒಳ್ಳೆಯದು. ಪಕ್ಕದೂರಿನವರೂ ಗಾಡಿಯಲ್ಲಿ ಬಿಂದಿಗೆ ಹೇರಿಕೊಂಡು ಬಂದು ಒಯ್ಯುತ್ತಿದ್ದರು.

ಆ ಲೆಕ್ಕ ಹೇಗೆ ತಲೆಕೆಳಗು ಎಂಬುದು ತಿಳಿಯುವ ಹೊತ್ತಿಗೆ ನನಗೆ ಮೂವತ್ತು ದಾಟಿತ್ತು. ನಮ್ಮ ನೆಲದಡಿ ಇರುವುದು ಗ್ರಾನೈಟ್ ಮತ್ತು ನೈಸ್ ಬಂಡೆ. ಫ್ಲೋರೈಟ್, ಅಪಟೈಟ್, ಕಪ್ಪು ಅಭ್ರಕ ಇವೆಲ್ಲ ಅದರಲ್ಲಿ ಬೆರೆತಿರುತ್ತವೆ. ಬಂಡೆಯ ಬಿರುಕಿನಲ್ಲಿ ವರ್ಷಾನುಗಟ್ಟಲೆ ನಿಂತ ನೀರು ಅವುಗಳಿಂದ ಫ್ಲೋರೈಡ್ ಹೀರಿಕೊಳ್ಳುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಫ್ಲೋರೈಡ್ ಅದರ ಜೊತೆ ಕೂಡಿಕೊಳ್ಳುವುದರಿಂದ ನೀರಿನಲ್ಲಿ ಹೆಚ್ಚು ಕರಗಿ ಉಳಿಯಲಾರದು. ಕ್ಯಾಲ್ಸಿಯಂ ಕಡಿಮೆಯಾಗಿ ಸೋಡಾದ ಅಂಶ ಹೆಚ್ಚಿದ್ದರೆ ಅದಕ್ಕೆ ತಡೆಯೇ ಇಲ್ಲ. ಬೇಳೆ ಬೇಗ ಬೇಯಿಸುವುದೂ ಅದೇ ಸೋಡಾ, ಅದೇ ಕ್ಯಾಲ್ಸಿಯಂ ಕೊರತೆ. ನಾವು ಮುಖ ತಿರುಗಿಸಿದ ಆ ಗಡಸು ಬಾವಿ ನಮ್ಮ ಹಲ್ಲು ಮೂಳೆಗಳ ಮಟ್ಟಿಗೆ ವಾಸಿಯಿತ್ತು.

ಹಲ್ಲಿನ ಕಥೆ ಮೊದಲು ಹೇಳಿಬಿಡುತ್ತೇನೆ. ಅದು ಸಣ್ಣದು, ಆದರೆ ಸಣ್ಣ ವಯಸ್ಸಿನಲ್ಲಿ ಅದಕ್ಕಿಂತ ದೊಡ್ಡದು ಬೇರೆ ಇರುವುದಿಲ್ಲ. ಹಾಲುಹಲ್ಲು ಬಿದ್ದು ಹೊಸದು ಹುಟ್ಟುವಾಗಲೇ ಅದರ ಮೇಲೆ ಮಂಕು ಬಿಳಿ ಪಟ್ಟೆಗಳಿದ್ದವು. ಆಮೇಲೆ ಅವು ಹಳದಿಯಾದವು, ಹತ್ತನೇ ತರಗತಿಯ ಹೊತ್ತಿಗೆ ಕಂದು. ಇದ್ದಿಲು, ಬೂದಿ, ಇಟ್ಟಿಗೆ ಪುಡಿ, ಉಪ್ಪು, ನಿಂಬೆಸಿಪ್ಪೆ, ಯಾವುದರಿಂದ ಉಜ್ಜಿದರೂ ಅಷ್ಟೇ. ಉಜ್ಜಿದ್ದರಿಂದ ಒಸಡಿನಲ್ಲಿ ರಕ್ತ ಬಂತೇ ಹೊರತು ಬಣ್ಣ ಹೋಗಲಿಲ್ಲ. ಹೋಗುವ ಬಣ್ಣವೂ ಅದಲ್ಲ. ಹಲ್ಲು ಇನ್ನೂ ದವಡೆಯೊಳಗೆ ಕಟ್ಟಿಕೊಳ್ಳುತ್ತಿರುವಾಗ, ಅಂದರೆ ಹುಟ್ಟಿನಿಂದ ಸುಮಾರು ಎಂಟು ವರ್ಷದವರೆಗೆ, ಹೆಚ್ಚು ಫ್ಲೋರೈಡ್ ದೇಹಕ್ಕೆ ಹೋದರೆ ಎನಾಮಲ್ ಸರಿಯಾಗಿ ಗಟ್ಟಿಯಾಗುವುದಿಲ್ಲ. ಆ ದೋಷ ಹಲ್ಲಿನ ಜೊತೆಗೇ ಹೊರಬರುತ್ತದೆ, ಹಲ್ಲಿನ ಜೊತೆಗೇ ಹೋಗುತ್ತದೆ. ಬೋರಿಂಗ್ ಬರುವ ಹೊತ್ತಿಗೆ ಅಣ್ಣನ ಹಲ್ಲು ಕಟ್ಟಿ ಮುಗಿದಿತ್ತು.

ಶಾಲೆಯ ಗುಂಪು ಫೋಟೋದಲ್ಲಿ ನಮ್ಮೂರಿನ ಒಂದು ಮಗುವೂ ಬಾಯಿ ತೆರೆದು ನಕ್ಕಿಲ್ಲ. ಪಾವಗಡಕ್ಕೆ ಕಾಲೇಜಿಗೆ ಹೋದಾಗ ಪೇಟೆಯ ಹುಡುಗಿಯರು ಮಾತನಾಡುವಾಗ ನನ್ನ ಕಣ್ಣು ನೋಡದೆ ಬಾಯಿ ನೋಡುತ್ತಿದ್ದರು. ಅಂಗೈಯಿಂದ ಬಾಯಿ ಮುಚ್ಚಿಕೊಂಡು ನಗುವ ಅಭ್ಯಾಸ ನನಗೆ ಇವತ್ತಿಗೂ ಬಿಟ್ಟಿಲ್ಲ. ಹೆಣ್ಣು ನೋಡಲು ಶಿರಾ ಕಡೆಯಿಂದ ಬಂದವರಲ್ಲಿ ಒಬ್ಬ ಹಿರಿಯರು, ಕಾಫಿ ಲೋಟ ಕೆಳಗಿಡುತ್ತಾ, “ಹುಡುಗಿ ಹೊಗೆಸೊಪ್ಪು ಹಾಕ್ತದಾ?” ಎಂದು ಕೇಳಿದರು. ಅಪ್ಪನಿಗೆ ಸಿಟ್ಟು ಬಂತು. ಅಮ್ಮ ಒಳಗೆ ಹೋಗಿ ಕೂತಳು. ಕೊನೆಗೆ ನಮ್ಮ ತಾಲ್ಲೂಕಿನೊಳಗೇ ಸಂಬಂಧ ಕುದುರಿತು. ಯಜಮಾನರ ಹಲ್ಲು ನನಗಿಂತ ಕಂದು. ಇಬ್ಬರಲ್ಲಿ ಯಾರೂ ಯಾರನ್ನೂ ಆಡಿಕೊಳ್ಳುವ ಹಾಗಿರಲಿಲ್ಲ.

ಹಲ್ಲು ನೋಡಲು ಕೆಟ್ಟದು, ಬದುಕಿಗೆ ಅಡ್ಡ ಬರುವುದಿಲ್ಲ. ಮೂಳೆಯದು ಬೇರೆ. ಅಮ್ಮ ಬೋರಿಂಗ್ ನೀರು ಕುಡಿಯಲು ಶುರುಮಾಡಿದಾಗ ಮೂವತ್ತರ ಹತ್ತಿರದವಳು, ಹಲ್ಲು ಮುತ್ತಿನಂತಿದ್ದವು, ಕೊನೆಯವರೆಗೂ ಹಾಗೇ ಇದ್ದವು. ಅದರಿಂದಲೇ ಎಲ್ಲರೂ ದಾರಿ ತಪ್ಪಿದರು. ಹಲ್ಲು ಚೆನ್ನಾಗಿದ್ದವಳಿಗೆ ನೀರಿನ ಕಾಯಿಲೆ ಇರಬಹುದೆಂದು ಯಾರಿಗೂ ಹೊಳೆಯಲಿಲ್ಲ.

ನಲವತ್ತೈದರ ಸುಮಾರಿಗೆ ಅವಳಿಗೆ ಬೆಳಗ್ಗೆ ಏಳುವಾಗ ಸೊಂಟ ಬಿಗಿಯತೊಡಗಿತು. ಹೊತ್ತೇರಿದಂತೆ ಸಡಿಲವಾಗುತ್ತಿತ್ತು. ಮುಂದೆ ಮಂಡಿ, ಮುಂದೆ ಕುತ್ತಿಗೆ. ಕಡಲೆಕಾಯಿ ಕೀಳಲು ಬಗ್ಗಲಾರದೆ ಕುಂಡೆಯೂರಿ ಕೂತು ತೆವಳಿಕೊಂಡು ಸಾಲು ಮುಗಿಸುತ್ತಿದ್ದಳು. ಎಲ್ಲರೂ ವಾತ ಅಂದರು. ನಾಟಿ ಔಷಧಿಯವರ ಹತ್ತಿರ ಹೋದೆವು. ಒಬ್ಬರು ಎಣ್ಣೆ ಕೊಟ್ಟರು, ಒಬ್ಬರು ಬೆನ್ನಿಗೆ ಬರೆ ಹಾಕಿದರು. ಆ ಬರೆಯ ಗುರುತು ಸಾಯುವವರೆಗೂ ಇತ್ತು. ಪೇಟೆಯ ಒಂದು ಕ್ಲಿನಿಕ್ಕಿನಲ್ಲಿ ವಾರಕ್ಕೊಮ್ಮೆ ಇಂಜೆಕ್ಷನ್, ಜೊತೆಗೆ ಬಿಳಿ ಮಾತ್ರೆ. ಇಂಜೆಕ್ಷನ್ ಹಾಕಿಸಿಕೊಂಡ ಎರಡು ದಿನ ಹೊಲಕ್ಕೆ ಹೋಗುತ್ತಿದ್ದಳು, ಮೂರನೇ ದಿನ ಮತ್ತೆ ಅದೇ. ಮಾತ್ರೆ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುತ್ತಿತ್ತು. ಹಸಿವಾದರೂ ಮಾತ್ರೆ, ನೋವಾದರೂ ಮಾತ್ರೆ. ಇಂಥ ನೋವಿನ ಮಾತ್ರೆ ವರ್ಷಗಟ್ಟಲೆ ನುಂಗಿದರೆ ಮೂತ್ರಪಿಂಡಕ್ಕೆ ಪೆಟ್ಟು. ಮೂತ್ರಪಿಂಡ ಸೋತರೆ ಫ್ಲೋರೈಡ್ ಹೊರಹೋಗುವ ದಾರಿಯೇ ಕಿರಿದಾಗುತ್ತದೆ. ಕಾಯಿಲೆಗೆಂದು ಕೊಟ್ಟದ್ದೇ ಕಾಯಿಲೆಯನ್ನು ಸಾಕಿತು.

ಐವತ್ತೈದರ ಮೇಲೆ ಅವಳ ಬೆನ್ನು, ಕುತ್ತಿಗೆ ಒಂದೇ ಮರದ ತುಂಡಿನಂತಾದವು. ಹಿಂದಿನಿಂದ ಯಾರಾದರೂ ಕೂಗಿದರೆ ಕುತ್ತಿಗೆ ತಿರುಗುತ್ತಿರಲಿಲ್ಲ, ಪಾದ ಎತ್ತಿಟ್ಟು ಇಡೀ ಮೈ ತಿರುಗಿಸುತ್ತಿದ್ದಳು. ಕೂದಲು ಬಾಚಲು ಕೈ ಮೇಲೇಳುತ್ತಿರಲಿಲ್ಲ, ನಾನು ಬಾಚುತ್ತಿದ್ದೆ. ಮಲಗಿದರೆ ತಲೆ ದಿಂಬಿಗೆ ತಾಕುತ್ತಿರಲಿಲ್ಲ, ಎರಡು ದಿಂಬಿನ ಮೇಲೆ ಮಡಚಿದ ಕಂಬಳಿ ಇಟ್ಟು ತಲೆಗೆ ಆಸರೆ ಕೊಡಬೇಕಿತ್ತು. ಬಯಲಿಗೆ ಹೋಗುವುದೇ ಅವಳ ದೊಡ್ಡ ಕಷ್ಟ. ಕುಕ್ಕರಗಾಲಲ್ಲಿ ಕೂರಲು ಆಗದ ಹೆಂಗಸಿಗೆ ಬಯಲೂ ಒಂದೇ, ನೆಲಕ್ಕೆ ಕೂರಿಸಿದ ಕಕ್ಕಸೂ ಒಂದೇ. ನಡುವೆ ತೂತು ಕೊರೆದ ಪ್ಲಾಸ್ಟಿಕ್ ಕುರ್ಚಿ ಮಾಡಿಸಿದೆವು. ಇದನ್ನು ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ. ಫ್ಲೋರೈಡಿನಿಂದ ಬರುವ ಈ ಕಾಯಿಲೆಗೆ ಫ್ಲೋರೋಸಿಸ್ ಎಂದು ಹೆಸರು. ಅದು ಹಲ್ಲಿನ ಕರೆ ಎಂದಷ್ಟೇ ಪಟ್ಟಣದವರು ತಿಳಿದಿರುವುದರಿಂದ ಬರೆದೆ.

ನಿಜ ತಿಳಿದದ್ದು ಒಂದು ಆರೋಗ್ಯ ಶಿಬಿರದಲ್ಲಿ. ಫ್ಲೋರೋಸಿಸ್ ತಡೆಗೆ ಕೇಂದ್ರ ಸರ್ಕಾರ 2008-09ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಶುರುಮಾಡಿತ್ತು, ಅದಾದ ಮೇಲಿನ ಮಾತು. ಅಷ್ಟರಲ್ಲಿ ನಾನು ಅಂಗನವಾಡಿ ಟೀಚರ್ ಆಗಿದ್ದೆ. ಜನರನ್ನು ಕರೆತರುವ ಕೆಲಸ ನನ್ನದು, ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ಚಿಕ್ಕ ವಯಸ್ಸಿನ ಡಾಕ್ಟರು ಅವಳ ನಾಡಿ ಹಿಡಿಯುವ ಮೊದಲೇ ಮೂರು ಕೆಲಸ ಹೇಳಿದರು. “ಅಜ್ಜೀ, ಮಂಡಿ ಮಡಚದೆ ಬಗ್ಗಿ ನೆಲದ ಮೇಲಿರೋ ನಾಣ್ಯ ಮುಟ್ಟಿ. ಗದ್ದ ಎದೆಗೆ ತಾಗಿಸಿ. ಎರಡೂ ಕೈ ತಲೆ ಹಿಂದಕ್ಕೆ ಕಟ್ಟಿಕೊಳ್ಳಿ.” ಮೂರೂ ಆಗಲಿಲ್ಲ. ಆಮೇಲೆ ಮುಂಗೈಯ ಎಕ್ಸ್‌ರೇ ತೆಗೆಸಿದರು. ಸೊಂಟ ನೋಯುತ್ತೆ ಅಂದರೆ ಕೈಗೆ ಯಾಕೆ ಎಕ್ಸ್‌ರೇ ಎಂದು ಅಮ್ಮ ಗೊಣಗಿದಳು. ಮುಂಗೈಯ ಎರಡು ಮೂಳೆಗಳ ನಡುವೆ ಒಂದು ತೆಳು ಪೊರೆಯಿರುತ್ತದೆ. ಎಕ್ಸ್‌ರೇಯಲ್ಲಿ ಅದು ಕಾಣಬಾರದು. ಅಮ್ಮನದು ಬೆಳ್ಳಗೆ ಕಾಣುತ್ತಿತ್ತು. ಪೊರೆಯೇ ಸುಣ್ಣಗಟ್ಟಿ ಮೂಳೆಯಾಗಲು ಹೊರಟಿತ್ತು. ಬೆನ್ನಿನ ಕಟ್ಟುನಾರುಗಳೂ ಹಾಗೇ ಆಗಿದ್ದವು. ಮೂಳೆ ಸವೆದಿರಲಿಲ್ಲ, ಬೇಡದ ಕಡೆಯೆಲ್ಲ ಬೆಳೆದಿತ್ತು.

“ಎಷ್ಟು ವರ್ಷದಿಂದ ಈ ನೀರು ಕುಡೀತಿದೀರಿ?” ಎಂದರು. “ಇವಳು ಹುಟ್ಟಿದಾಗಿನಿಂದ” ಎಂದು ಅಮ್ಮ ನನ್ನ ಕಡೆ ಕೈ ತೋರಿಸಿದಳು.

ವಾಸಿಯಾಗುತ್ತದಾ ಎಂದು ಕೇಳಿದೆ. ಬೆಳೆದ ಮೂಳೆ ಹಿಂದಕ್ಕೆ ಹೋಗುವುದಿಲ್ಲ, ನೀರು ಬದಲಿಸಿದರೆ ಮುಂದಕ್ಕೆ ಹೋಗುವುದು ನಿಧಾನವಾಗುತ್ತದೆ, ನೋವು ಸ್ವಲ್ಪ ತಗ್ಗಬಹುದು ಅಂದರು. ಸುತ್ತಿ ಬಳಸಿ ಹೇಳಲಿಲ್ಲ. ಆ ಡಾಕ್ಟರ ಮೇಲೆ ನನಗೆ ಇವತ್ತಿಗೂ ಗೌರವವಿದೆ.

ನೀರಿನ ಪರೀಕ್ಷೆಯಲ್ಲಿ ನಮ್ಮ ಬೋರಿಂಗ್ ಲೀಟರಿಗೆ ನಾಲ್ಕು ಮಿಲಿಗ್ರಾಂ ಹತ್ತಿರ ಫ್ಲೋರೈಡ್ ತೋರಿಸಿತು. ಭಾರತೀಯ ಮಾನಕ ಬ್ಯೂರೋ ಪ್ರಕಾರ ಇರಬೇಕಾದ್ದು ಒಂದರೊಳಗೆ, ಬೇರೆ ನೀರು ಸಿಗದೇ ಇದ್ದಲ್ಲಿ ಒಂದೂವರೆಯವರೆಗೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೂ ಒಂದೂವರೆಯೇ, ಆದರೆ ಆಯಾ ದೇಶದ ಹವೆ, ಜನ ಕುಡಿಯುವ ನೀರಿನ ಪ್ರಮಾಣ ನೋಡಿಕೊಂಡು ಮಿತಿ ಹಾಕಿಕೊಳ್ಳಿ ಎಂದೂ ಅದು ಹೇಳುತ್ತದೆ. ಈ ಕೊನೆಯ ಮಾತನ್ನು ಎಲ್ಲರೂ ಬಿಟ್ಟು ಓದುತ್ತಾರೆ. ಏಪ್ರಿಲ್ ತಿಂಗಳಲ್ಲಿ ಪಾವಗಡದ ಬಿಸಿಲಿಗೆ ಮೈಯೊಡ್ಡಿ ಕೂಲಿ ಮಾಡುವವರು ಎರಡು ಲೀಟರ್ ಕುಡಿದು ಸುಮ್ಮನಾಗುವುದಿಲ್ಲ. ಐದು ಲೀಟರ್ ಸಲೀಸು. ನಾಲ್ಕರ ನೀರು ಐದು ಲೀಟರ್ ಎಂದರೆ ದಿನಕ್ಕೆ ಇಪ್ಪತ್ತು ಮಿಲಿಗ್ರಾಂ. ದಿನಕ್ಕೆ ಆರು ಮಿಲಿಗ್ರಾಂ ದಾಟಿದರೇ ಮೂಳೆಗೆ ಅಪಾಯದ ಸೂಚನೆ, ಹದಿನಾಲ್ಕಾದರೆ ಅಪಾಯ ಖಚಿತ ಎಂದು ಅದೇ ಸಂಸ್ಥೆ ಹೇಳಿದೆ. ಒಂದೇ ಬೋರಿಂಗ್ ನೀರು ಕುಡಿದರೂ ಅಂಗಡಿ ಇಟ್ಟವನಿಗಿಂತ ಹೊಲದಲ್ಲಿ ದುಡಿಯುವವಳು ಬೇಗ ಬಾಗಿದ್ದು ಏಕೆ ಎಂಬುದಕ್ಕೆ ಇದೇ ಉತ್ತರ.

ಇದು ಹೊಸ ಕಾಯಿಲೆಯೇನಲ್ಲ. ಶಾರ್ಟ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು 1937ರಲ್ಲಿ, ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದ ನೆಲ್ಲೂರು ಜಿಲ್ಲೆಯಿಂದ ಇದನ್ನು ವರದಿ ಮಾಡಿದ್ದರು. ನಮ್ಮ ತಾಲ್ಲೂಕಿನ ನಾಗಲಮಡಿಕೆಯ ಪಕ್ಕ ಹರಿಯುವ ಉತ್ತರ ಪಿನಾಕಿನಿ ಕೊನೆಗೆ ಸಮುದ್ರ ಸೇರುವುದು ಅದೇ ನೆಲ್ಲೂರಿನ ಹತ್ತಿರ. ಹೊಳೆಯ ಆ ತುದಿಯಲ್ಲಿ ನಾನು ಹುಟ್ಟುವ ನಲವತ್ತು ವರ್ಷ ಮೊದಲೇ ಗೊತ್ತಾದದ್ದು ಈ ತುದಿಯ ನಮ್ಮ ಊರಿಗೆ ತಲುಪಲು ಎಪ್ಪತ್ತು ವರ್ಷ ಹಿಡಿಯಿತು.

ಗೊತ್ತಾದ ಮೇಲೆ ಏನು ಮಾಡಿದೆವು ಎಂಬುದೇ ಈ ಕಥೆಯ ಉದ್ದನೆಯ ಭಾಗ.

ಊರಿನವರು ಮೊದಲು ಮಾಡಿದ್ದು ನೀರು ಕಾಯಿಸಿದ್ದು. ಭೇದಿಯ ಕಾಲದಲ್ಲಿ ನಾನೇ ಮನೆಮನೆಗೆ ಹೋಗಿ ಹೇಳಿಕೊಟ್ಟ ಪಾಠ ಅದು. ಕ್ರಿಮಿ ಕಾಯಿಸಿದರೆ ಸಾಯುತ್ತದೆ. ಫ್ಲೋರೈಡ್ ಕ್ರಿಮಿಯಲ್ಲ. ಕುದಿದು ಆವಿಯಾಗುವುದು ನೀರು ಮಾತ್ರ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ, ಉಳಿದ ನೀರಿನಲ್ಲಿ ಅದರ ಪ್ರಮಾಣ ಇನ್ನಷ್ಟು ಏರುತ್ತದೆ. ಬಟ್ಟೆಯಲ್ಲಿ ಸೋಸುವುದು, ಕ್ಯಾಂಡಲ್ ಫಿಲ್ಟರ್, ಕ್ಲೋರಿನ್ ಮಾತ್ರೆ ಯಾವುದೂ ಅದನ್ನು ತಡೆಯುವುದಿಲ್ಲ. ಇದನ್ನು ಜನರಿಗೆ ನಂಬಿಸುವುದು ಬಹಳ ಕಷ್ಟವಾಯಿತು. “ನೀನೇ ಕಾಯಿಸಿ ಅಂದೆ, ಈಗ ನೀನೇ ಬೇಡ ಅಂತೀಯಲ್ಲಮ್ಮಿ” ಎಂದು ಮುದುಕಿಯೊಬ್ಬಳು ಬೈದಳು.

ಆಮೇಲೆ ಒಂದು ಸಂಸ್ಥೆಯವರು ಮನೆಮನೆಗೆ ಫಿಲ್ಟರ್ ಕೊಟ್ಟರು. ಒಳಗೆ ಆಕ್ಟಿವೇಟೆಡ್ ಅಲ್ಯುಮಿನಾ ಎಂಬ ಬಿಳಿ ಕಾಳುಗಳು. ಅವು ಫ್ಲೋರೈಡನ್ನು ಹಿಡಿದಿಟ್ಟುಕೊಳ್ಳುತ್ತವೆ, ತುಂಬಿದ ಮೇಲೆ ಬಿಟ್ಟುಬಿಡುತ್ತವೆ. ಆಗ ಅವನ್ನು ಕಾಸ್ಟಿಕ್ ಸೋಡಾದಲ್ಲಿ, ಬಳಿಕ ಆಮ್ಲದಲ್ಲಿ ತೊಳೆದು ಮತ್ತೆ ತುಂಬಬೇಕು. ಮೊದಲ ಸಲ ಅವರೇ ಬಂದು ತೊಳೆದುಕೊಟ್ಟರು. ಯೋಜನೆ ಮುಗಿಯಿತು, ಬರುವವರೂ ನಿಂತರು. ಫಿಲ್ಟರ್ ಹೊರಗೆ ಹೊಸದರಂತೆಯೇ ಕಾಣುತ್ತಿತ್ತು, ನೀರು ಎಂದಿನಂತೆ ಇಳಿಯುತ್ತಿತ್ತು. ಜನ ನೆಮ್ಮದಿಯಿಂದ ಕುಡಿಯುತ್ತಿದ್ದರು. ಈ ನೆಮ್ಮದಿಯೇ ಅಪಾಯ. ಕೆಟ್ಟ ಬಲ್ಬು ಉರಿಯದೆ ಕೆಟ್ಟಿದೆ ಎಂದು ಹೇಳುತ್ತದೆ, ಇದು ಏನೂ ಹೇಳುವುದಿಲ್ಲ. ಈಗ ಆ ಡಬ್ಬಗಳಲ್ಲಿ ಕೆಲವರು ಹುರುಳಿ ತುಂಬಿಟ್ಟಿದ್ದಾರೆ.

ನಾಗಪುರದ ನೀರಿ ಸಂಸ್ಥೆಯವರು 1970ರ ದಶಕದಲ್ಲಿ ರೂಪಿಸಿದ ನಲ್ಗೊಂಡ ವಿಧಾನವನ್ನೂ ಟ್ಯಾಂಕಿನಲ್ಲಿ ನೋಡಿದ್ದಾಯಿತು. ಸುಣ್ಣ, ಆಲಂ, ಬ್ಲೀಚಿಂಗ್ ಪೌಡರ್ ಬೆರೆಸಿ ಕಲಕಿ, ಗಸಿ ಕೂತ ಮೇಲೆ ಮೇಲಿನ ತಿಳಿ ತೆಗೆಯುವುದು. ಅಗ್ಗದ್ದು, ಆದರೆ ಅಳತೆ ತಪ್ಪಬಾರದು, ದಿನವೂ ಆಗಬೇಕು, ಗಸಿಯನ್ನು ಎಲ್ಲಿಗಾದರೂ ಸಾಗಿಸಬೇಕು. ನೀರುಗಂಟಿಗೆ ತಿಂಗಳ ಸಂಬಳವೇ ಸರಿಯಾಗಿ ಬಾರದ ಊರಿನಲ್ಲಿ ಇದು ನಡೆಯುವ ಮಾತಲ್ಲ.

ಮುಂದೆ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದವು, ಅಂದರೆ ಆರ್‌ಒ. ಎರಡು ರೂಪಾಯಿ ನಾಣ್ಯ ಹಾಕಿದರೆ 20 ಲೀಟರ್, ಬಳಿಕ ಐದು ರೂಪಾಯಿ. ನಡೆಯುತ್ತಿರುವಾಗ ಇದರಷ್ಟು ಒಳ್ಳೆಯದು ಇಲ್ಲ, ಒಪ್ಪುತ್ತೇನೆ. ಕರೆಂಟು ಹೋದರೆ ನಿಲ್ಲುತ್ತದೆ, ಮೆಂಬ್ರೇನ್ ಕೆಟ್ಟರೆ ತಿಂಗಳುಗಟ್ಟಲೆ ಬೀಗ. ಶುದ್ಧವಾದಷ್ಟೇ ಅಥವಾ ಅದಕ್ಕಿಂತ ಹೆಚ್ಚು ನೀರು ಹೊರಕ್ಕೆ ಹೋಗುತ್ತದೆ, ತೆಗೆದ ಫ್ಲೋರೈಡೆಲ್ಲ ಅದರಲ್ಲೇ. ನಮ್ಮೂರಿನಲ್ಲಿ ಆ ಪೈಪನ್ನು ಬೋರ್‌ವೆಲ್ ಪಕ್ಕದ ಗುಂಡಿಗೇ ಬಿಟ್ಟಿದ್ದರು. ಗ್ರಾಮಸಭೆಯಲ್ಲಿ ಕೇಳಿದ್ದಕ್ಕೆ, “ಮೇಡಂ, ನೀರು ವೇಸ್ಟ್ ಆಗಬಾರದು, ಇಂಗಲಿ ಅಂತ” ಎಂಬ ಉತ್ತರ ಬಂತು. ಇನ್ನೊಂದು ಸಂಗತಿ. ಘಟಕ ನೋಡಿಕೊಳ್ಳುವ ಹುಡುಗ ಪೆನ್ನಿನಂಥ ಮೀಟರ್ ಅದ್ದಿ, “ಟಿಡಿಎಸ್ ಐವತ್ತು, ಬಿಸ್ಲೇರಿ ಥರ ಇದೆ” ಎಂದು ತೋರಿಸುತ್ತಿದ್ದ. ಆ ಮೀಟರ್ ಹೇಳುವುದು ಎಲ್ಲ ಲವಣಗಳ ಒಟ್ಟು ಅಂದಾಜು. ಅದರಲ್ಲಿ ಫ್ಲೋರೈಡ್ ಎಷ್ಟು ಎಂದು ಅದಕ್ಕೆ ಗೊತ್ತಿಲ್ಲ. ಟಿಡಿಎಸ್ ಸಾಧಾರಣವಾಗಿದ್ದು ಫ್ಲೋರೈಡ್ ಮೂರು ಇರುವ ಬೋರ್‌ವೆಲ್ ಇರುವುದಕ್ಕೆ ಅಡ್ಡಿಯಿಲ್ಲ.

ಘಟಕ ಬಂದ ಮೇಲೂ ಅಮ್ಮನ ನೋವು, ನನ್ನ ಕುತ್ತಿಗೆಯ ಬಿಗಿತ ತಗ್ಗಲಿಲ್ಲ. ಕಾರಣ ಅಡುಗೆಮನೆಯಲ್ಲಿತ್ತು. ಕ್ಯಾನ್ ನೀರು ದುಡ್ಡಿನದು, ಸೈಕಲ್ ಮೇಲೆ ತರಬೇಕಾದ್ದು. ಎಲ್ಲರ ಮನೆಯಲ್ಲೂ ಅದು ಕುಡಿಯಲು ಮಾತ್ರ. ಮುದ್ದೆಗೆ ಎಸರು, ಅನ್ನಕ್ಕೆ ನೀರು, ಸಾರಿಗೆ ನೀರು ಎಲ್ಲ ಬೋರ್‌ವೆಲ್‌ನದೇ. ಅಕ್ಕಿ, ರಾಗಿ ಹಿಟ್ಟು, ಬೇಳೆ ನೀರನ್ನು ಹೀರಿಕೊಂಡೇ ಬೇಯುತ್ತವೆ. ನೀರಿನ ಜೊತೆ ಅದರಲ್ಲಿದ್ದದ್ದೂ ತಟ್ಟೆಗೆ ಬರುತ್ತದೆ. ಅದರಲ್ಲೂ ಬೋರ್‌ವೆಲ್ ನೀರಿನಲ್ಲಿ ಬೇಳೆ ಬೇಗ ಬೇಯುತ್ತದೆಂದು ಹೆಂಗಸರು ಬೇಕೆಂದೇ ಅದನ್ನು ಬಳಸುತ್ತಿದ್ದರು. ಕುಡಿಯುವ ನೀರಿಗೆ ಮಾತ್ರ ಕ್ಯಾನ್ ಇಟ್ಟುಕೊಂಡರೆ ಕೆಲಸ ಮುಗಿದಂತಲ್ಲ. ಇದನ್ನು ಯಾವ ಫಲಕದಲ್ಲೂ ಬರೆದಿರಲಿಲ್ಲ.

ಅಂಗನವಾಡಿಯಲ್ಲಿ ನನಗೆ ಇನ್ನೊಂದು ತಲೆನೋವಿತ್ತು. ಗರ್ಭಿಣಿಯರಿಗೆ ಕಬ್ಬಿಣಾಂಶದ ಮಾತ್ರೆ ಕೊಡುತ್ತಿದ್ದೆವು, ಕಣ್ಣೆದುರೇ ನುಂಗಿಸುತ್ತಿದ್ದೆವು, ಹಿಮೋಗ್ಲೋಬಿನ್ ಏರುತ್ತಿರಲಿಲ್ಲ. ಮೇಲಿನವರು ಮಾತ್ರೆ ನುಂಗಿಸಿಲ್ಲ ಎಂದು ನಮ್ಮನ್ನೇ ಗದರುತ್ತಿದ್ದರು. ದೆಹಲಿಯಲ್ಲಿ ದಶಕಗಳ ಕಾಲ ಫ್ಲೋರೋಸಿಸ್ ಮೇಲೆ ಕೆಲಸ ಮಾಡಿದ ಡಾ. ಎ.ಕೆ. ಸುಶೀಲಾ ಅವರು 2010ರಲ್ಲಿ ಪ್ರಕಟಿಸಿದ ಅಧ್ಯಯನದ ಬಗ್ಗೆ ತರಬೇತಿಯೊಂದರಲ್ಲಿ ಕೇಳಿದೆ. ಮೂತ್ರದಲ್ಲಿ ಫ್ಲೋರೈಡ್ ಹೆಚ್ಚಿದ್ದ ಗರ್ಭಿಣಿಯರಿಗೆ ಫ್ಲೋರೈಡ್ ಇರುವ ನೀರು, ತಿನಿಸು ಬಿಡಿಸಿ ಒಳ್ಳೆಯ ಆಹಾರ ಕೊಟ್ಟಾಗ ರಕ್ತದ ಮಟ್ಟ ಏರಿತ್ತು, ಮಕ್ಕಳ ತೂಕವೂ ಸುಧಾರಿಸಿತ್ತು. ಕೇಳಿ ಅಳು ಬಂತು. ಅಷ್ಟು ವರ್ಷ ನಾವು ಬೈಸಿಕೊಂಡದ್ದಕ್ಕಲ್ಲ, ಆ ಹೆಣ್ಣುಮಕ್ಕಳನ್ನು ನಾವೂ ಬೈದದ್ದಕ್ಕೆ.

ಆಮೇಲೆ ನಮ್ಮ ಕೇಂದ್ರದಲ್ಲಿ ಅಡುಗೆಯ ನೀರನ್ನು ಬದಲಿಸಿದೆವು. ಆಹಾರದಲ್ಲಿ ಕ್ಯಾಲ್ಸಿಯಂ ಇದ್ದರೆ ಅದು ಹೊಟ್ಟೆಯಲ್ಲೇ ಫ್ಲೋರೈಡನ್ನು ಹಿಡಿದು ಹೊರಹಾಕಲು ನೆರವಾಗುತ್ತದೆ. ಆ ಮಟ್ಟಿಗೆ ನಮ್ಮ ರಾಗಿ ನಮ್ಮನ್ನು ಕಾಯ್ದಿದೆ ಎಂದೇ ನನ್ನ ನಂಬಿಕೆ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂ ಮೇಲೆ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ರೇಷನ್ ಅಕ್ಕಿ ಬಂದ ಮೇಲೆ ಮುದ್ದೆ ಒಂದು ಹೊತ್ತಿಗೆ ಇಳಿದ ಮನೆಗಳಲ್ಲಿ ಅದನ್ನು ಮತ್ತೆ ಎರಡು ಹೊತ್ತಿಗೆ ತರಿಸಲು ಬಾಯಿ ನೋಯಿಸಿಕೊಂಡಿದ್ದೇನೆ. ಹಾಲು, ಮಜ್ಜಿಗೆ, ನುಗ್ಗೆಸೊಪ್ಪು, ನೆಲ್ಲಿಕಾಯಿ ಇವನ್ನೂ ಹೇಳುತ್ತೇನೆ. 2013ರಲ್ಲಿ ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ ಯೋಜನೆ ಬಂದಾಗ ಎಲ್ಲರೂ ಮಕ್ಕಳ ತೂಕದ ಮಾತಾಡಿದರು, ನಾನು ಹಲ್ಲಿನ ಲೆಕ್ಕ ಹಾಕಿದೆ. ಬಿಡಿಸುವುದು ಕಪ್ಪು ಚಹಾ ಮತ್ತು ಕಪ್ಪು ಉಪ್ಪು. ಚಹಾದ ಎಲೆಯಲ್ಲಿ ಫ್ಲೋರೈಡ್ ಸಹಜವಾಗಿಯೇ ಹೆಚ್ಚು. ಚಹಾ ಬಿಡಿ ಎಂದರೆ ಕೂಲಿಯವರು ನಗುತ್ತಾರೆ. ಹಾಲು ಹಾಕಿಕೊಂಡು ಕುಡಿಯಿರಿ ಎಂದು ಅಲ್ಲಿಗೆ ಬಿಡುತ್ತೇನೆ.

ನಮ್ಮ ಮನೆಗೆ ಕೊನೆಗೂ ಒದಗಿದ್ದು ಮಳೆ. ಹಾಸ್ಯದಂತೆ ಕಾಣಬಹುದು, ರಾಜ್ಯದ ಅತಿ ಕಡಿಮೆ ಮಳೆಯ ತಾಲ್ಲೂಕುಗಳಲ್ಲಿ ನಮ್ಮದೊಂದು. ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು. ಆದರೆ ಲೆಕ್ಕ ಹಾಕಿ ನೋಡಿ. ಮುನ್ನೂರು ಚದರಡಿಯ ಸೂರಿನ ಮೇಲೆ ಅಷ್ಟು ಮಳೆ ಬಿದ್ದರೆ 14,000 ಲೀಟರ್ ಹತ್ತಿರ. ಕಾಲು ಭಾಗ ಹಾಳಾಯಿತೆಂದರೂ 10,000 ಉಳಿಯುತ್ತದೆ. ಐದು ಜನರ ಮನೆಗೆ ಕುಡಿಯಲು ಅಡುಗೆಗೆ ದಿನಕ್ಕೆ 25 ಲೀಟರ್ ಹಿಡಿದರೆ ಒಂದು ವರ್ಷಕ್ಕಿಂತ ಹೆಚ್ಚು. ಮಳೆನೀರಿಗೆ ಬಂಡೆಯ ಸಹವಾಸವಿಲ್ಲ, ಫ್ಲೋರೈಡ್ ಇಲ್ಲ. ನಮ್ಮದು ಮಣ್ಣಿನ ಮಾಳಿಗೆ, ಅದರ ನೀರು ಕೆಲಸಕ್ಕೆ ಬಾರದು. ಮುಂದಿನ ಅಂಕಣಕ್ಕೆ ತಗಡು ಹೊದಿಸಿ, ದೋಣಿ ಕಟ್ಟಿ, ಪೈಪಿನಲ್ಲಿ ನೆಲದೊಳಗಿನ ತೊಟ್ಟಿಗೆ ಇಳಿಸಿದೆವು. ಮೊದಲ ಒಂದೆರಡು ಮಳೆ ಹೊರಕ್ಕೆ. ಆಮೇಲಿನದು ಮರಳು, ಇದ್ದಿಲು, ಜಲ್ಲಿ ದಾಟಿ ಒಳಗೆ. ತೊಟ್ಟಿಗೆ ಬೆಳಕು ಬೀಳಬಾರದು, ಸೊಳ್ಳೆ ಹೋಗಬಾರದು. ಈ ನೀರನ್ನು ಕಾಯಿಸಿ ಕುಡಿಯಬೇಕು, ಇಲ್ಲಿ ಕಾಯಿಸುವುದಕ್ಕೆ ಅರ್ಥವಿದೆ. ಅಮ್ಮ ಮೊದಲ ದಿನ ಕುಡಿದು, “ಸಪ್ಪೆ ಕಣೇ” ಅಂದಳು.

ಆ ನೀರು ಕುಡಿದ ಮೇಲೆ ಅವಳ ಹೊಟ್ಟೆಯುಬ್ಬರ ಹೋಯಿತು, ರಾತ್ರಿ ನಿದ್ದೆ ಬರತೊಡಗಿತು. ಬೆನ್ನು ನೆಟ್ಟಗಾಗಲಿಲ್ಲ. ಕೊನೆಯ ವರ್ಷಗಳಲ್ಲಿ ಕಾಲುಗಳ ಬಲವೂ ಹೋಯಿತು. ಬೆನ್ನುಮೂಳೆಯ ಕೊಳವೆ ಕಿರಿದಾಗಿ ನರ ಒತ್ತಿಕೊಂಡಿದೆ ಎಂದರು. ಆಪರೇಷನ್ ಅವಳು ಬೇಡವೆಂದಳು. ಹಾಸಿಗೆ ಹಿಡಿದು ತೀರಿಕೊಂಡಳು.

ಈಗ ಊರಿಗೆ ನಲ್ಲಿ ಬಂದಿದೆ. ಮನೆ ಮನೆಗೆ ಗಂಗೆ. ನಮ್ಮಲ್ಲಿ ಮೊದಮೊದಲು ಆ ನಲ್ಲಿಯಲ್ಲಿ ಬಂದದ್ದು ಅದೇ ಬೋರ್‌ವೆಲ್ ನೀರು, ಬಿಂದಿಗೆ ಹೊರುವ ಶ್ರಮ ಮಾತ್ರ ತಪ್ಪಿತು. ತುಂಗಭದ್ರೆಯ ಹಿನ್ನೀರನ್ನು ಪಾವಗಡಕ್ಕೆ ತರುವ ಯೋಜನೆಯ ಮೇಲೆ ನಮ್ಮೆಲ್ಲರ ಆಸೆಯಿದೆ. ಹೊಳೆಯ ನೀರು ನಿಲ್ಲದೆ ಬಂದರೆ ಮುಂದಿನ ಮಕ್ಕಳ ಹಲ್ಲು ಬೆಳ್ಳಗಿರುತ್ತದೆ, ಅನುಮಾನವಿಲ್ಲ. ಆದರೆ ಪೈಪು ಒಡೆದ ದಿನ, ಮೋಟಾರು ಸುಟ್ಟ ವಾರ ಟ್ಯಾಂಕಿಗೆ ಮತ್ತೆ ಬೋರ್‌ವೆಲ್ ನೀರೇ ಏರುತ್ತದೆ, ನಲ್ಲಿಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಜಲಜೀವನ ಮಿಷನ್ ಅಡಿ ಪ್ರತಿ ಊರಿನಲ್ಲಿ ಐದು ಜನ ಹೆಂಗಸರಿಗೆ ನೀರು ಪರೀಕ್ಷೆ ಕಲಿಸಬೇಕೆಂದಿದೆ. ನಮ್ಮೂರಿನಲ್ಲಿ ಅವರಲ್ಲಿ ನಾನೊಬ್ಬಳು. ಸಣ್ಣ ಸೀಸೆಯ ನೀರಿಗೆ ಹನಿ ಬಿಡುತ್ತೇವೆ. ಗುಲಾಬಿ ಬಣ್ಣ ಹಾಗೇ ನಿಂತರೆ ಸರಿ, ಹಳದಿಗೆ ತಿರುಗಿದರೆ ಫ್ಲೋರೈಡ್ ಇದೆ. ಬೋರ್‌ವೆಲ್ ನೀರು ಏರಿದ ದಿನ ನನಗೆ ಯಾರೂ ಹೇಳಬೇಕಿಲ್ಲ.

ನನ್ನ ಮಗಳ ಮುಂದಿನ ಹಲ್ಲುಗಳ ಮೇಲೆ ತೆಳು ಬಿಳಿ ಪಟ್ಟೆಗಳಿವೆ, ಮಗನ ಹಲ್ಲು ಅವನ ಮಾವನದರಂತೆ ಶುಭ್ರ. ನನ್ನ ಗದ್ದ ಎದೆಗೆ ತಾಗಲು ಎರಡು ಬೆರಳು ಉಳಿಯುತ್ತದೆ. ಕೆಲವು ವರ್ಷಗಳಿಂದ ಅದು ಎರಡು ಬೆರಳೇ, ಮೂರಾಗಿಲ್ಲ.

ಕೊಳವೆಬಾವಿಯ ನೀರು ಕುಡಿಯುವವರಲ್ಲಿ ನನ್ನದೊಂದು ಕೇಳಿಕೆ. ಕೋಲಾರ, ಚಿಕ್ಕಬಳ್ಳಾಪುರ, ಚಿತ್ರದುರ್ಗ, ರಾಯಚೂರು ಕಡೆಯವರಾದರೆ ಇನ್ನೂ ಹೆಚ್ಚು. ನೀರನ್ನು ಲ್ಯಾಬಿಗೆ ಕೊಟ್ಟಾಗ “ಕುಡಿಯಲು ಯೋಗ್ಯ” ಎಂಬ ಮೊಹರು ನೋಡಿ ಎದ್ದು ಬರಬೇಡಿ. ಫ್ಲೋರೈಡ್ ಎಷ್ಟು ಎಂದು ಸಂಖ್ಯೆ ಬರೆಸಿಕೊಳ್ಳಿ. ಬೇಸಿಗೆಯಲ್ಲೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಕೊಡಿ. ಬೋರ್‌ವೆಲ್ ಇನ್ನಷ್ಟು ಆಳಕ್ಕೆ ಕೊರೆಸಿದರೆ ಮತ್ತೆ ಕೊಡಿ, ಹಳೆಯ ಸಂಖ್ಯೆ ಹೊಸ ನೀರಿನದಲ್ಲ. ಒಂದೂವರೆ ದಾಟಿದ್ದರೆ ಆ ನೀರಿನಲ್ಲಿ ಸ್ನಾನ ಮಾಡಿ, ಬಟ್ಟೆ ಒಗೆಯಿರಿ. ಕುಡಿಯಬೇಡಿ, ಅಡುಗೆ ಮಾಡಬೇಡಿ. ಮನೆಯಲ್ಲಿ ಎಂಟು ವರ್ಷದೊಳಗಿನ ಮಕ್ಕಳಿದ್ದರೆ ಈ ವಾರವೇ ಕೊಡಿ.